ಮೂವತ್ತೊಂದನೆಯ ಚೀಟಿ

"ಇದೊಂದನ್ನ ನೀವೇ ಕಿತ್ತುಬಿಡಿ ಮೇಡಂ. ನಾವು ಕಿತ್ತರೆ ನಿಮಗೆ ಬೇಜಾರಾಗುತ್ತೆ," ಎಂದ ನಿರ್ದೇಶಕ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಲೇಖಕಿಯ ಒಂಬತ್ತು ಸಂಪುಟಗಳ ಕಾದಂಬರಿಯ ಪಾತ್ರಗಳೆಲ್ಲ ಗೋಡೆಯ ಮೇಲೆ ಒಂದೊಂದು ಚೀಟಿಯಾಗಿ ಪಿನ್ನು ಚುಚ್ಚಿಸಿಕೊಂಡಿದ್ದವು. ಬೆಳಗ್ಗೆ ಇನ್ನೂರಿದ್ದದ್ದು ಈಗ ಮೂವತ್ತೊಂದು. ಧಾರಾವಾಹಿಗೆ ಟೀವಿಯವರು ಒಪ್ಪಿದ್ದು ಮೂವತ್ತಕ್ಕೆ. ಏಳು ಜನ ರಾಣಿಯರು ಸೇರಿ ಒಬ್ಬಳಾಗಿದ್ದರು. ಹಾರುವ ಆನೆಗಳ ಘೀಳು ಮಾತ್ರ ಕೇಳಿಸುವುದೆಂದು ತೀರ್ಮಾನವಾಗಿತ್ತು. ಆಗುವುದಿಲ್ಲ ಎಂದು ಅವಳು ಎದ್ದುಹೋಗುವಂತಿರಲಿಲ್ಲ. ಹೋದರೆ ಚಿತ್ರಕಥೆಯನ್ನು ಬೇರೆಯವರಿಂದ ಬರೆಸಬಹುದೆಂಬ ಕರಾರಿಗೆ ಅವಳೇ ಸಹಿ ಹಾಕಿದ್ದಳು.

ನಿರ್ದೇಶಕನ ಬೆರಳು ಮೂಗ ಅಂಬಿಗನ ಚೀಟಿಯ ಮೇಲಿತ್ತು. ಒಂಬತ್ತು ಸಂಪುಟಗಳಲ್ಲಿ ಅವಳದಲ್ಲದ ಪಾತ್ರ ಅದೊಂದೇ. ಚಿಕ್ಕಂದಿನಲ್ಲಿ ಜ್ವರ ಬಂದು ಮಲಗಿದ್ದ ಅವಳ ಪಕ್ಕ ಕೂತು, ಅಣ್ಣ ಕಥೆ ಹೇಳುತ್ತಾ ಕಟ್ಟಿಕೊಟ್ಟಿದ್ದ ಅಂಬಿಗ ಅವನು.

"ಮಾತೇ ಆಡಲ್ಲ. ನದಿ ದಾಟಿಸ್ತಾನೆ, ಹೋಗ್ತಾನೆ, ಅಷ್ಟೇ ತಾನೆ? ಅಲ್ಲೊಂದು ಸೇತುವೆ ಹಾಕಿದ್ರೆ ಮುಗೀತು," ಎಂದ ನಿರ್ದೇಶಕ.

ಅವಳು ಪಿನ್ನಿನ ಮೇಲೆ ಕೈಯಿಟ್ಟಳು, ಕೀಳಲಾಗಲಿಲ್ಲ. ಅಷ್ಟರಲ್ಲಿ ಫೋನು ಬಂತು. ಅಣ್ಣ.

"ಪುಟ್ಟೀ, ನನ್ನ ಅಂಬಿಗ ಎಷ್ಟನೇ ಕಂತಲ್ಲಿ ಬರ್ತಾನೆ? ನಿನ್ನತ್ತಿಗೆ ಆಗ್ಲೇ ಬೀದಿಗೆಲ್ಲ ಹೇಳ್ಕೊಂಡು ಬಂದಿದಾಳೆ, ನಮ್ಮೆಜಮಾನ್ರ ಪಾತ್ರ ಟೀವೀಲಿ ಬರುತ್ತೆ ಅಂತ!"

ಅವಳು ಗೋಡೆಯ ಕಡೆ ತಿರುಗಿಕೊಂಡಳು.

"ಅಣ್ಣಾ, ಅವನು ಹೇಗೂ ಮಾತೇ ಆಡಲ್ಲ ಅಲ್ವಾ," ಎಂದಳು. "ನದಿ ದಾಟಿಸ್ತಾನೆ, ಹೋಗ್ತಾನೆ, ಅಷ್ಟೇ. ಅಲ್ಲೊಂದು ಸೇತುವೆ ಹಾಕಿದ್ರೆ..."

ಚೀಟಿ ಆಗಲೇ ಅವಳ ಮುಷ್ಟಿಯಲ್ಲಿತ್ತು.