ದಾಸವಾಳದ ಕಾವಲು

ಆ ಬೀದಿಯಲ್ಲಿ ದಿನಾ ಬೆಳಗಿನ ಜಾವ ಯಾರೋ ಕಾಂಪೌಂಡಿನೊಳಗೆ ಕೈಹಾಕಿ ದಾಸವಾಳ ಕಿತ್ತುಕೊಂಡು ಹೋಗುತ್ತಿದ್ದರು. ಹಾಗಾಗಿ ನಿವೃತ್ತ ಹೆಡ್‌ಮಾಸ್ತರ್ ಶೇಷಗಿರಿರಾಯರು ತಮ್ಮ ಮನೆಗೆ ಸುತ್ತ ತಿರುಗುವ ಕ್ಯಾಮೆರಾ ಹಾಕಿಸಿದಾಗ, ಹಾಕಲು ಬಂದ ಲೋಹಿತನಿಗೆ ಆಶ್ಚರ್ಯವಾಗಲಿಲ್ಲ.

“ದಿನಾ ಕತ್ತಲಿರುವಾಗಲೇ ತಾನಾಗಿ ತಿರುಗೋಕೆ ಶುರು ಮಾಡ್ಬೇಕು,” ಎಂದರು ರಾಯರು. “ಮೊದಲು ಬೀದಿ ತಿರುವು, ಆಮೇಲೆ ಎದುರುಮನೆ ಬಾಗಿಲು, ಆಮೇಲೆ ಅವರ ಅಡುಗೆಮನೆ ಕಿಟಕಿ. ನನ್ನ ಪೂಜೆ ಹೊತ್ತಿಗೆ ನಿಂತುಹೋಗ್ಲಿ.”

ಕಳ್ಳ ಬರುವ ದಾರಿ ರಾಯರಿಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡ ಲೋಹಿತ, ಮೊಬೈಲಿನಲ್ಲಿ ಎಲ್ಲವನ್ನೂ ಹಾಗೇ ಹೊಂದಿಸಿದ.

“ಯಾರಾದ್ರೂ ಓಡಾಡಿದ್ರೆ ಸೈರನ್ ಹೊಡಿಯೋ ಹಾಗೆ ಮಾಡ್ಲಾ ಸಾರ್?”

“ಬೇಡಪ್ಪ, ಬೀದಿಯೆಲ್ಲ ಎದ್ದುಬಿಡುತ್ತೆ. ಜೇಬಿನಲ್ಲಿ ಮೊಬೈಲ್ ನಡುಗಿದ್ರೆ ಸಾಕು.”

ಏಣಿ ಇಳಿಯುವಾಗ ಲೋಹಿತ ಅಂಗಳದ ಉದ್ದಕ್ಕೂ ಕಣ್ಣಾಡಿಸಿದ. ಗೇಟಿನವರೆಗೂ ಸಿಮೆಂಟು.

“ಸಾರ್, ನಿಮ್ಮ ದಾಸವಾಳದ ಗಿಡಾನೇ ಸೇರಿಸಿಲ್ಲ. ಎಲ್ಲಿದೆ ಅದು?”

ರಾಯರು ಹೂಬುಟ್ಟಿಯನ್ನು ಬೋರಲು ಹಾಕಿ, ತಳಕ್ಕೆ ಅಂಟಿದ್ದ ನಿನ್ನೆಯ ಎಸಳನ್ನು ಕೊಡವಿದರು.

“ಎದುರುಮನೇಲಿ. ನಾನು ಕೀಳ್ತಿರುವಾಗ ಅವರು ಎದ್ದುಬಿಟ್ರೆ, ನನ್ನ ಮರ್ಯಾದೆ ಏನಾಗ್ಬೇಕು?”