ಚಪ್ಪಾಳೆ ನಿಲ್ಲುವುದರೊಳಗೆ

ಸಂಗೀತ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ಅದನ್ನು ಬರೆದವಳು ಕುರ್ಚಿಯಿಂದ ಎದ್ದಳು.

"ಎಲ್ಲಿಗೇ?" ಪಕ್ಕದಲ್ಲಿದ್ದ ಅಕ್ಕ ಡೊಲೊರೆಸ್ ಅವಳ ಕೋಟಿನ ತುದಿ ಹಿಡಿದು ಜಗ್ಗಿದಳು. "ಈಗ್ಲೇ ಬಾತ್‌ರೂಮಾ? ನಿನ್ನದೇ ಸಂಗೀತ ಕಣೇ ಬರ್ನಿ, ಸ್ವಲ್ಪ ತಡ್ಕೋ!"

"ಬಾತ್‌ರೂಮಲ್ಲ ಡಾಲಿ, ಸ್ಟೇಜಿಗೆ. ಈ ಸಲ ನಾನು ಮೊದಲೇ ಹೊರಡ್ತೀನಿ."

"ಹಂಗಾದ್ರೆ ಓಡು. ನೀನು ಅಲ್ಲಿ ಮುಟ್ಟೋವರೆಗೂ ಚಪ್ಪಾಳೆ ನಿಲ್ಲದ ಹಾಗೆ ನಾನು ನೋಡ್ಕೋತೀನಿ. ಬೌಲಿಂಗ್ ಚೆಂಡು ಉರುಳಿಸಿ ಕಪ್ ಗೆದ್ದ ಕೈ ಇದು!"

ಹಿಂದಿನ ಸಾಲಿನಿಂದ "ಶ್!" ಎಂದು ಬಂತು. ಬರ್ನಿಸ್ ಕೊವಾಲೆಕ್ ಬಗ್ಗಿಕೊಂಡು, ಬಾತುಕೋಳಿಯ ಹಾಗೆ ಹೆಜ್ಜೆ ಹಾಕುತ್ತ ಹೊರಬಿದ್ದಳು.

ಅವಸರಕ್ಕೆ ಕಾರಣವಿತ್ತು. ಹೊಸ ಕೃತಿ ಮುಗಿದ ಮೇಲೆ, ವಾದ್ಯವೃಂದ ನಡೆಸುವ ಕಂಡಕ್ಟರ್ ಸಭೆಯತ್ತ ಕೈ ಚಾಚುವುದು ವಾಡಿಕೆ. ಜನರ ನಡುವೆ ಕೂತ ಸಂಯೋಜಕಿ ಎದ್ದು, ನಡೆದು, ಮೆಟ್ಟಿಲು ಹತ್ತಿ, ವೇದಿಕೆಯ ಮೇಲೆ ತಲೆಬಾಗಬೇಕು. ಅಷ್ಟು ಹೊತ್ತು ಚಪ್ಪಾಳೆ ಬದುಕಿರಬೇಕಲ್ಲ! ಸತ್ತುಹೋದವರ ಸಂಗೀತಕ್ಕಾದರೆ ಜನ ಎದ್ದು ನಿಂತು ತಟ್ಟುತ್ತಾರೆ. ಬದುಕಿರುವವರದ್ದಕ್ಕೆ ಮರ್ಯಾದೆಗೆ ನಾಲ್ಕು ತಟ್ಟಿ ವೈನ್ ಕೊಳ್ಳಲು ಓಡುತ್ತಾರೆ. ಹಿಂದೆ ಟೊಲಿಡೊ ನಗರದಲ್ಲಿ ಬರ್ನಿಸ್ ಮುದುಕರ ಮೊಣಕಾಲುಗಳ ನಡುವೆ ಸಿಕ್ಕಿಹಾಕಿಕೊಂಡಳು. ಒಮಾಹಾದಲ್ಲಿ ಅವಳು ವೇದಿಕೆ ತಲುಪಿದಾಗ ಇಬ್ಬರು ಆಳುಗಳು ಪಿಯಾನೊ ತಳ್ಳುತ್ತಿದ್ದರು. ಬಂದದ್ದು ಬಂದಾಯಿತಲ್ಲ ಎಂದು ಅವರಿಗೇ ಬಾಗಿ ವಾಪಸಾದಳು. ಐವತ್ತೆಂಟು ವಯಸ್ಸು, ಕಾಲೇಜಿನ ಪಾಠ, ಕೈತುಂಬ ಬರೆದ ಸಂಗೀತ, ಗೋಡೆಯ ಮೇಲೆ ಎರಡು ಬಹುಮಾನ, ಎಲ್ಲ ಇತ್ತು. ಚಪ್ಪಾಳೆ ಕೇಳುತ್ತಿರುವಾಗ ವೇದಿಕೆಯ ಮೇಲೆ ನಿಂತದ್ದು ಮಾತ್ರ ಇಲ್ಲ. ಇದು ಬಫಲೊ, ಹುಟ್ಟಿದ ಊರು. ಇಲ್ಲಾದರೂ ಆಗಬೇಕು.

ಸಭಾಂಗಣದ ಪಕ್ಕದ ಕಾರಿಡಾರಿನಲ್ಲಿ ಬಾಗಿಲುಗಳೆಲ್ಲ ಒಂದೇ ಬಣ್ಣ. ಮೊದಲನೆಯದರ ಒಳಗೆ ಪೊರಕೆಗಳಿದ್ದವು. ಎರಡನೆಯದರಲ್ಲಿ ಯಾರೋ ಸಾಕ್ಸ್ ಬಿಚ್ಚಿ ಒಣಹಾಕಿದ್ದರು. ಮೂರನೆಯದನ್ನು ತಳ್ಳಿದ್ದೇ ಕಣ್ಣಿಗೆ ರಾಚುವ ಬೆಳಕು, ಮುಂದೆ ಪಿಟೀಲುಗಳ ಸಾಲು ಸಾಲು. ಅವಳು ಆಗಲೇ ವೇದಿಕೆಯ ಮೇಲಿದ್ದಳು! ತಾಳವಾದ್ಯಗಳ ಹಿಂದೆ, ನುಡಿಯುತ್ತಿರುವ ತನ್ನದೇ ಸಂಗೀತದ ನಡುವೆ. ಹಿಂದೆ ಬಾಗಿಲು ಟಕ್ಕೆಂದು ಮುಚ್ಚಿಕೊಂಡಿತು. ಒಳಗಡೆಯಿಂದ ಅದಕ್ಕೆ ಹಿಡಿಯೇ ಇರಲಿಲ್ಲ.

"ಬಂದ್ರಾ?" ತಾಳವಾದ್ಯದ ಮಿಲ್ಟನ್ ಪ್ರೂಯಿಟ್ ತುಟಿ ಅಲ್ಲಾಡಿಸದೆ ಕೇಳಿದ. "ವಾರದಿಂದ ಬಡ್ಕೋತಿದ್ದೀನಿ ನಿಮ್ಮ ಹತ್ರ. ಜಾಗಟೆ ಆ ಕಡೆ, ಟ್ರಯಾಂಗಲ್ ಈ ಕಡೆ, ಮಧ್ಯೆ ಹಾರೋಕೆ ನಾನೇನು ಕಪ್ಪೆನಾ? ಹಿಡೀರಿ ಈ ಟ್ರಯಾಂಗಲನ್ನ."

"ಅಯ್ಯೋ, ನಾನು ಬಾಗಿಲು ತಪ್ಪಿ ಬಂದೆ ಕಣ್ರೀ!"

"ಬರೀ ಕೈಯಲ್ಲಿ ಇಲ್ಲಿ ನಿಂತ್ರೆ ಕಳ್ಳಿ ಥರ ಕಾಣ್ತೀರಿ. ಹಿಡೀರಿ ಅಂದ್ನಲ್ಲ. ಜಾಗಟೆ ಆದ್ಮೇಲೆ ಒಂದೇ ಒಂದು ಏಟು, ಅಲ್ಲಿಗೆ ಮುಗೀತು. ನೀವೇ ಬರೆದಿದ್ದು, ಯಾವಾಗ ಅಂತ ಗೊತ್ತಿರುತ್ತಲ್ಲ?"

ಗೊತ್ತಿರಲಿಲ್ಲ. ಮೇಜಿನ ಮುಂದೆ ಕೂತು ಬರೆದಾಗ ಏಟಿಗೆ ಮುಂಚಿನ ಆ ಮೌನ ಎಷ್ಟು ಚೆಂದ ಕಂಡಿತ್ತು! ನಿಂತು ತಾಳ ಎಣಿಸಲು ಹೋದರೆ ಏಳಾದ ಮೇಲೆ ಒಂಬತ್ತು ಬಂತು, ಆಮೇಲೆ ಆರು. ಬೆವರಿದ ಕೈಯಲ್ಲಿ ಮೂರು ಮೂಲೆಯ ಆ ಉಕ್ಕಿನ ಕಂಬಿ ಗಿರಗಿರನೆ ತಿರುಗತೊಡಗಿತು. ಮಿಲ್ಟನ್ ಜಾಗಟೆ ಬಾರಿಸಿದ, ಗುಂಯ್ ಎಂದಿತು. ಅವನ ಹುಬ್ಬು ಅವಳತ್ತ ಹಾರಿತು. ಬರ್ನಿಸ್ ಕಣ್ಣು ಮುಚ್ಚಿ ಹೊಡೆದಳು.

ಟಿಣ್!

ಕಂಡಕ್ಟರ್ ಕತ್ತು ಚಾಚಿ ಆ ಕಡೆ ನೋಡಿದ, ಏನೂ ಅರ್ಥವಾಗದೆ ಕೋಲು ಇಳಿಸಿದ. ಸಭೆಯಲ್ಲಿ ಚಪ್ಪಾಳೆ ಸಿಡಿಯಿತು. ಊರಿನ ಮಗಳಲ್ಲವೇ! ಆತ ತಿರುಗಿ, ದೀಪಗಳ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಸಂಯೋಜಕಿಯ ಸಾಲಿನತ್ತ ಕೈ ಚಾಚಿದ. ಎಲ್ಲರ ತಲೆಗಳೂ ಅತ್ತ ತಿರುಗಿದವು. ಕುರ್ಚಿ ಖಾಲಿ. ಡೊಲೊರೆಸ್ ಅಂಗೈ ಕೆಂಪಾಗುವಂತೆ ತಟ್ಟುತ್ತಲೇ ಇದ್ದಳು, ಆದರೂ ಮೊದಲು ಬಾಲ್ಕನಿ ತಣ್ಣಗಾಯಿತು, ಆಮೇಲೆ ಬಲಗಡೆಯ ಸಾಲುಗಳು. ಚಪ್ಪಾಳೆ ಸಾಯುವ ಆ ಸದ್ದು ಬರ್ನಿಸ್‌ಗೆ ಚೆನ್ನಾಗಿ ಗೊತ್ತು. ಮುಂದೆ ಹೋಗೋಣವೆಂದರೆ ದಾರಿಗಡ್ಡ ನಾಲ್ಕು ನಗಾರಿ.

ಆಗ ಡೊಲೊರೆಸ್ ಎದ್ದು ನಿಂತಳು. ತಡೀರಪ್ಪಾ, ಬರ್ತಿದ್ದಾಳೆ ಎನ್ನುವಂತೆ ಒಂದು ಕೈ ಎತ್ತಿದಳು. ಜನ ಅದನ್ನು ವಂದನೆ ಎಂದುಕೊಂಡರು. ಚಪ್ಪಾಳೆ ಮತ್ತೆ ಏರಿತು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ತಂಗಿ ಎಲ್ಲೂ ಇಲ್ಲ. ಕೊಟ್ಟ ಮಾತು ಉಳಿಯಬೇಕಲ್ಲ, ಮೆಲ್ಲಗೆ ಬಾಗಿದಳು. ಚಪ್ಪಾಳೆ ಇನ್ನೂ ಏರಿತು. ಬದುಕಿಡೀ ಅಂಚೆ ಕಚೇರಿಯ ಕಿಟಕಿಯ ಹಿಂದೆ ಪೊಟ್ಟಣ ತೂಗಿದ ಹೆಂಗಸು, ಎದೆಯ ಮೇಲೆ ಕೈಯಿಟ್ಟು ಬಾಲ್ಕನಿಗೊಂದು, ಎಡಗಡೆಗೊಂದು, ಬಲಗಡೆಗೊಂದು ಎಂದು ಬಾಗಿ, ಕೊನೆಗೆ ತುಟಿಗೆ ಕೈಯಿಟ್ಟು ಮುತ್ತುಗಳನ್ನೇ ಗಾಳಿಗೆ ತೂರಿದಳು. ಜನ ಎದ್ದು ನಿಂತರು.

ನಗಾರಿಗಳ ಸಂದಿಯಲ್ಲಿ ತೂರಲು ಹೊರಟಿದ್ದ ಬರ್ನಿಸ್ ಅಲ್ಲೇ ನಿಂತಳು. ಚಪ್ಪಾಳೆ ವೇದಿಕೆಯ ಹಲಗೆಯಿಂದೇರಿ ಅಂಗಾಲಿಗೆ ಕಚಗುಳಿ ಇಡುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಟ್ರಯಾಂಗಲನ್ನು ಮೊಣಕೈಗೆ ನೇತುಹಾಕಿಕೊಂಡು ಅವಳೂ ತಟ್ಟತೊಡಗಿದಳು.

"ಅಲ್ರೀ," ಮಿಲ್ಟನ್ ಅವಳ ಕಿವಿಯ ಹತ್ತಿರ ಕೂಗಿದ, "ನಿಮ್ಮ ಚಪ್ಪಾಳೇನೆಲ್ಲ ಬಾಚ್ಕೋತಿರೋ ಆಯಮ್ಮ ಯಾರು?"

"ನಮ್ಮಕ್ಕ. ಈಗ ತಾನೇ ರಂಗೇರ್ತಿದೆ ಅವಳಿಗೆ. ತಟ್ರೀ, ನಿಲ್ಲಿಸ್ಬೇಡಿ!"