ಹಸಿರು ಸೀರೆಯ ಮದುಮಗಳು

ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ಅಜ್ಜಿಯ ಹಸಿರು ಪಟ್ಟೆಸೀರೆ ನೆನಪಾಗುತ್ತದೆ. ಅದನ್ನು ನನಗೇ ಕೊಡುತ್ತೇನೆ ಎಂದಿದ್ದ ಅಜ್ಜಿ, ನನಗೆ ಎಂಟು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ, ಸತ್ತ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ಟರು.

ಅಜ್ಜಿಯ ತಮ್ಮ ಬಾಂಬರ್ ವಿಮಾನದ ಪೈಲಟ್ ಆಗಿದ್ದರು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಯುದ್ಧಕ್ಕೆ ಹಾರಿದವರು ಮರಳಲಿಲ್ಲ. ಮದುವೆಯಾಗದೆ ಸತ್ತವರಿಗೂ ಮದುವೆ ಮಾಡಿಸುವ ಕ್ರಮ ನಮ್ಮಲ್ಲಿದೆ. ಸಿದ್ಧಕಟ್ಟೆಯಲ್ಲಿ, ಹಾಗೆಯೇ ತೀರಿಹೋದ ಹುಡುಗಿಯೊಬ್ಬಳು ಅವರಿಗೆ ಸಿಕ್ಕಿದ್ದಳು. ಒಂದು ಕುರ್ಚಿಯಲ್ಲಿ ಸಮವಸ್ತ್ರದ ಅವರ ಫೋಟೋ, ಮದುಮಗಳ ಬದಲಿಗೆ ಇಟ್ಟ ಇನ್ನೊಂದು ಕುರ್ಚಿಗೆ ನನ್ನ ಸೀರೆ.

"ಅದು ನನ್ನದಲ್ಲವಾ ಅಜ್ಜಿ?"

"ನಿನಗೆ ಬೇರೆ ಉಂಟು ಮಾರಾಯ್ತಿ. ಪಾಪ, ಅವಳು ಮದುಮಗಳು."

ಸೀರೆ ಉಡಿಸಲು ನೆರೆಮನೆಯ ಟೀಚರನ್ನು ಕರೆದಿದ್ದರು. ಅವರು ಅಜ್ಜಿಯ ತಮ್ಮನ ಜೊತೆ ಓದಿದವರು, ಮದುವೆಯಾಗಿರಲಿಲ್ಲ. ನೆರಿಗೆ ಹಿಡಿಯುತ್ತಾ ಫೋಟೋದ ಕಡೆ ನೋಡಿ, "ಹಸಿರು ಯಾಕೆ ತೆಗೆದಿರಿ? ಅವರಿಗೆ ಹಸಿರು ಆಗುವುದಿಲ್ಲ," ಎಂದರು.

"ನಿಮಗೆ ಯಾರು ಹೇಳಿದ್ದು?" ಅಜ್ಜಿ ನಕ್ಕರು.

ಟೀಚರ್ ಪಿನ್ನು ಚುಚ್ಚಿ, "ಈ ಮದುಮಗಳಿಗೂ ಒಪ್ಪುವುದಿಲ್ಲ," ಎಂದು ಪಾಯಸಕ್ಕೂ ನಿಲ್ಲದೆ ಹೊರಟರು.

ಗೇಟಿನವರೆಗೆ ನಾನು ಅವರ ಕೈ ಹಿಡಿದು ನಡೆದೆ. ಆ ಮನೆಯಲ್ಲಿ ನನ್ನ ಪರ ಮಾತಾಡಿದವರು ಅವರೊಬ್ಬರೇ ಎಂದು ನನಗೆ ಖುಷಿಯಾಗಿತ್ತು.